ರೇಡಿಯೊ ನಿಯಂತ್ರಿತ ರೇಸಿಂಗ್ ಬಗ್ಗಿಯ ತೂಕ ಮತ್ತು ವಿಶ್ವಾಸಾರ್ಹತೆ

ರೇಡಿಯೊ ನಿಯಂತ್ರಿತ ರೇಸಿಂಗ್ ಬಗ್ಗಿ ಎಂಬುದು ಮಣ್ಣಿನ ಹಾದಿಯಲ್ಲಿ ಓಡಲೆಂದು ರಚಿಸಲಾದ, ದೂರದಿಂದ ರೇಡಿಯೊ ತರಂಗಗಳ ಮೂಲಕ ನಿಯಂತ್ರಿಸಲ್ಪಡುವ ಕಿರುಗಾತ್ರದ ಸ್ಪರ್ಧಾ ವಾಹನ. 1/10 ಮತ್ತು 1/8 ಇದರ ಪ್ರಚಲಿತ ಅಳತೆಗಳು. ಮೊದಲನೆಯದು ವಿದ್ಯುತ್ ಮೋಟಾರಿನಿಂದಲೂ, ಎರಡನೆಯದು 3.5 ಘನ ಸೆಂಟಿಮೀಟರ್‌ವರೆಗಿನ ನೈಟ್ರೊ ಎಂಜಿನ್‌ನಿಂದ ಅಥವಾ ವಿದ್ಯುತ್ತಿನಿಂದಲೂ ಓಡುತ್ತದೆ. ಬಗ್ಗಿಯ ತೂಕವನ್ನು ಇಳಿಸಿದರೆ ವೇಗೋತ್ಕರ್ಷ ಹೆಚ್ಚುತ್ತದೆ. ಆದರೆ ಇಳಿಸಬಾರದ ಜಾಗದಲ್ಲಿ ಇಳಿಸಿದರೆ ಭಾಗಗಳು ಮುರಿದು ಓಟವೇ ನಿಲ್ಲುತ್ತದೆ. ಆದ್ದರಿಂದ ಈ ಎರಡು ಗುಣಗಳನ್ನು ಒಟ್ಟಾಗಿಯೇ ಪರಿಗಣಿಸಬೇಕಾಗುತ್ತದೆ.

ಹಿನ್ನೆಲೆ

ಜಪಾನಿನ ಟಮಿಯ ಕಂಪನಿಯು 1979ರಲ್ಲಿ ಹೊರತಂದ ರಫ್ ರೈಡರ್ ಬಗ್ಗಿಯಲ್ಲಿ ಅಚ್ಚೆರಕದ ಲೋಹದ ಭಾಗಗಳು ಹೆಚ್ಚಾಗಿದ್ದವು. 1984ರಲ್ಲಿ ಅಮೆರಿಕದ ಟೀಮ್ ಅಸೋಸಿಯೇಟೆಡ್ ಸಂಸ್ಥೆಯ ಆರ್‌ಸಿ10 ಬಂದಿತು. ಇದರಲ್ಲಿ ಅಲ್ಯೂಮಿನಿಯಂ ತಗಡಿನ ದೋಣಿಯಾಕಾರದ ಚಾಸಿಯೂ ನೈಲಾನ್ ಸಸ್ಪೆನ್ಷನ್ ತೋಳುಗಳೂ ಇದ್ದವು. 1985ರಲ್ಲಿ ಕ್ಯಾಲಿಫೋರ್ನಿಯಾದ ಡೆಲ್ ಮಾರ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ ದ್ವಿಚಕ್ರ ಚಾಲನೆಯ ವಿಭಾಗವನ್ನು ಜೇ ಹಾಲ್ಸಿ ಈ ಬಗ್ಗಿಯಿಂದಲೇ ಗೆದ್ದರು.

ತೂಕದ ಮಿತಿ

ಅಂತಾರಾಷ್ಟ್ರೀಯ ಒಕ್ಕೂಟವಾದ ಇಫ್ಮಾರ್‌ನ ನಿಯಮಗಳಂತೆ 1/10 ಅಳತೆಯ ದ್ವಿಚಕ್ರ ಚಾಲನೆಯ ಬಗ್ಗಿಗೆ 1499 ಗ್ರಾಂ, ಚತುಶ್ಚಕ್ರ ಚಾಲನೆಯದಕ್ಕೆ 1588 ಗ್ರಾಂ, 1/8 ನೈಟ್ರೊ ಬಗ್ಗಿಗೆ 3200 ಗ್ರಾಂ ಕನಿಷ್ಠ ತೂಕ. ಮಿತಿಯನ್ನು ಮುಟ್ಟಿದ ಮೇಲೆ ತೂಕ ಇಳಿಸುವುದರಿಂದ ಲಾಭವಿಲ್ಲ. ಉಳಿದ ತೂಕವನ್ನು ಎಲ್ಲಿ ಇರಿಸಬೇಕೆಂಬುದೇ ಮುಖ್ಯವಾಗುತ್ತದೆ.

ಎಲ್ಲಿ ಇಳಿಸಬೇಕು

ತಿರುಗುವ ಭಾಗಗಳ ತೂಕ ಹೆಚ್ಚು ದುಬಾರಿ. ಚಕ್ರದ ಅಂಚಿನಲ್ಲಿರುವ ಒಂದು ಗ್ರಾಂ ಮುಂದಕ್ಕೂ ಚಲಿಸಬೇಕು, ತಿರುಗಲೂ ಬೇಕು. ಆದ್ದರಿಂದ ವೇಗೋತ್ಕರ್ಷದ ಲೆಕ್ಕದಲ್ಲಿ ಅದು ಚಾಸಿಯ ಮೇಲಿನ ಸುಮಾರು ಎರಡು ಗ್ರಾಂಗಳಿಗೆ ಸಮ. ಚಕ್ರದ ಬದಿಯ ತೂಕ ಕಡಿಮೆಯಿದ್ದಷ್ಟೂ ಟೈರು ಉಬ್ಬುತಗ್ಗುಗಳನ್ನು ಬಿಡದೆ ಅನುಸರಿಸುತ್ತದೆ. ಎತ್ತರದಲ್ಲಿರುವ ತೂಕವನ್ನು ಇಳಿಸಿದರೆ ಗುರುತ್ವ ಕೇಂದ್ರ ಕೆಳಗಿಳಿದು, ತಿರುವಿನಲ್ಲಿ ಬಗ್ಗಿ ಮಗುಚುವ ಸಂಭವ ತಗ್ಗುತ್ತದೆ.

ಅತಿ ದೊಡ್ಡ ಇಳಿಕೆಯಾದದ್ದು ಬ್ಯಾಟರಿಯಲ್ಲಿ. ಆರು ಕೋಶಗಳ ನಿಕಲ್ ಬ್ಯಾಟರಿಯ ಬದಲು ಎರಡು ಕೋಶಗಳ ಗಿಡ್ಡ ಲಿಥಿಯಂ ಪಾಲಿಮರ್ ಬ್ಯಾಟರಿ ಬಳಸಿದಾಗ ತೂಕ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಉಕ್ಕಿನ ತಿರುಪುಗಳ ಸ್ಥಾನದಲ್ಲಿ ಟೈಟಾನಿಯಂ ತಿರುಪುಗಳನ್ನು ಹಾಕಿದರೆ 50 ಗ್ರಾಂ ಸುಮಾರು 28 ಗ್ರಾಂ ಆಗುತ್ತದೆ. ಉದ್ದವಾಗಿ ಸುತ್ತಿಟ್ಟ ತಂತಿಗಳನ್ನು ಅಗತ್ಯವಿರುವಷ್ಟಕ್ಕೆ ಕತ್ತರಿಸುವುದು ಖರ್ಚಿಲ್ಲದ ಉಪಾಯ.

ಎಲ್ಲಿ ಇಳಿಸಬಾರದು

ಹೊಡೆತವನ್ನು ನೇರವಾಗಿ ತಾಳುವ ಸಸ್ಪೆನ್ಷನ್ ತೋಳು, ಅದರ ಕೀಲುಕಡ್ಡಿ, ಚಾಲಕ ದಂಡ ಮತ್ತು ಸ್ಟಿಯರಿಂಗ್ ಭಾಗಗಳನ್ನು ಕೊರೆದು ಹಗುರಗೊಳಿಸುವುದು ಅಪಾಯಕರ. ಗಟ್ಟಿಯಾದುದೆಲ್ಲ ಬಾಳಿಕೆಯದೂ ಅಲ್ಲ: ನೈಲಾನ್ ತೋಳು ಹೊಡೆತಕ್ಕೆ ಬಾಗಿ ಮತ್ತೆ ನೆಟ್ಟಗಾಗುತ್ತದೆ; ಅಲ್ಯೂಮಿನಿಯಂ ತೋಳು ಒಮ್ಮೆ ಸೊಟ್ಟಗಾದರೆ ಹಾಗೆಯೇ ಉಳಿಯುತ್ತದೆ, ಇಲ್ಲವೇ ಹೊಡೆತವನ್ನು ಚಾಸಿಗೆ ದಾಟಿಸುತ್ತದೆ. ಸರ್ವೊ ಮೋಟಾರಿನ ಹಲ್ಲುಗಳನ್ನು ಕಾಯುವ ಸ್ಪ್ರಿಂಗ್ ಜೋಡಣೆಯನ್ನು ತೂಕದ ನೆಪದಿಂದ ತೆಗೆಯಬಾರದು.

ವಿಶ್ವಾಸಾರ್ಹತೆಯ ಕ್ರಮಗಳು

1/10 ಬಗ್ಗಿಗಳ ಸ್ಪರ್ಧೆ ಸಾಮಾನ್ಯವಾಗಿ 5 ನಿಮಿಷಗಳದ್ದು. 1/8 ನೈಟ್ರೊ ವಿಶ್ವ ಚಾಂಪಿಯನ್‌ಷಿಪ್‌ನ ಅಂತಿಮ ಓಟ ಒಂದು ಗಂಟೆಯದು. ಅಷ್ಟು ಹೊತ್ತಿನ ಕಂಪನದಲ್ಲಿ ಒಂದು ತಿರುಪು ಸಡಿಲವಾದರೂ ಸಾಕು. ಲೋಹಕ್ಕೆ ಲೋಹ ಕೂಡುವಲ್ಲಿ ತಿರುಪಿಗೆ ಹಿಡಿತದ ಅಂಟನ್ನು ಹಚ್ಚಬೇಕು. ಪ್ಲಾಸ್ಟಿಕ್‌ಗೆ ಹಚ್ಚಬಾರದು, ಕೆಲವು ಬಗೆಯ ಪ್ಲಾಸ್ಟಿಕ್ ಅದರಿಂದ ಬಿರುಕು ಬಿಡುತ್ತದೆ. ಬೆಸುಗೆ ಹಾಕಿದ ತಂತಿಗಳು ಎಳೆತಕ್ಕೆ ಸಿಗದಂತೆ ತುಸು ಸಡಿಲವಾಗಿರಬೇಕು. ನೈಟ್ರೊ ಬಗ್ಗಿಗಳಲ್ಲಿ ರೇಡಿಯೊ ಸಂಕೇತ ಕಡಿದಾಗ ತಾನಾಗಿ ಬ್ರೇಕ್ ಹಿಡಿಯುವ ವ್ಯವಸ್ಥೆ ಅತ್ಯಗತ್ಯ. ನಿಯಂತ್ರಣ ತಪ್ಪಿದ ಬಗ್ಗಿ ನೋಡುಗರನ್ನು ಗಾಯಗೊಳಿಸಬಲ್ಲದು.

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬದಂಥ ಅರೆಮಲೆನಾಡಿನ ನೆಲದಲ್ಲಿ ಬೇಸಿಗೆಯ ಕೆಂಧೂಳೂ ಮುಂಗಾರಿನ ಕೆಸರೂ ಬೇರಿಂಗ್‌ಗಳಿಗೆ ಶತ್ರುಗಳು. ಇಂತಲ್ಲಿ ಎರಡೂ ಬದಿಗೆ ರಬ್ಬರ್ ಮುಚ್ಚಳವಿರುವ ಬೇರಿಂಗ್‌ಗಳು ಸೂಕ್ತ. ಕೆಸರಿನಲ್ಲಿ ಓಡಿಸಿದ ದಿನವೇ ಬಗ್ಗಿಯನ್ನು ಬಿಚ್ಚಿ, ಒರಸಿ, ಒಣಗಿಸಬೇಕು. ಅಂಟಿದ ಮಣ್ಣೂ ತೂಕವೇ.

ದಾಖಲೆ

ಅಡುಗೆಮನೆಯ ಡಿಜಿಟಲ್ ತಕ್ಕಡಿಯೊಂದಿದ್ದರೆ ಕಲಿಯುವವರಿಗೆ ಸಾಕು. ಪ್ರತಿ ಬದಲಾವಣೆಯ ಮೊದಲಿನ ಮತ್ತು ನಂತರದ ತೂಕ, ಓಡಿದ ಸುತ್ತುಗಳು, ಮುರಿದ ಭಾಗ ಇವನ್ನು ಪುಸ್ತಕದಲ್ಲಿ ಬರೆದಿಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿದರೆ ಫಲಿತಾಂಶದ ಕಾರಣ ಸ್ಪಷ್ಟವಾಗಿ ತಿಳಿಯುತ್ತದೆ.