ಗಣಕಯಂತ್ರದ ದೂರಪ್ರಯಾಣ

ಕುಂಬಾರನು ಸಂತೆಗೆ ಹೊರಟಾಗ ಗಡಿಗೆಗಳನ್ನು ಬಂಡಿಯಲ್ಲಿ ಸುಮ್ಮನೆ ಒಂದರ ಮೇಲೊಂದು ಒಟ್ಟುವುದಿಲ್ಲ. ತಳದಲ್ಲಿ ಹುಲ್ಲು ಹಾಸುತ್ತಾನೆ. ಗಡಿಗೆ ಗಡಿಗೆಗಳ ನಡುವೆಯೂ ಹುಲ್ಲನ್ನು ತುರುಕುತ್ತಾನೆ. ಅವನು ಭೌತವಿಜ್ಞಾನದ ಪುಸ್ತಕವನ್ನು ಓದಿದವನಲ್ಲ. ಆದರೂ ಒಡೆಯುವ ವಸ್ತುವನ್ನು ದೂರಕ್ಕೆ ಸಾಗಿಸುವುದರಲ್ಲಿ ಅಡಗಿರುವ ವಿಜ್ಞಾನದ ತಿರುಳೆಲ್ಲ ಆ ಹಿಡಿ ಹುಲ್ಲಿನಲ್ಲಿದೆ. ಅದೇ ತಿರುಳನ್ನು ಇಂದು ನಮ್ಮ ಮನೆಗಳಲ್ಲಿ ಮೇಜಿನ ಮೇಲೆ ಕುಳಿತಿರುವ ಗಣಕಯಂತ್ರಕ್ಕೆ ಅನ್ವಯಿಸಿ ನೋಡುವುದು ಈ ಲೇಖನದ ಉದ್ದೇಶ.

ಬೀದರ ಜಿಲ್ಲೆಯು ಕರ್ನಾಟಕದ ಉತ್ತರದ ತುದಿ. ಬೀದರ ನಗರದಿಂದ ಬೆಂಗಳೂರಿಗೆ ರಸ್ತೆಯ ದಾರಿ ಸುಮಾರು 700 ಕಿಲೋಮೀಟರು. ಭಾಲ್ಕಿ ಮತ್ತು ಔರಾದ ಊರುಗಳು ಬೀದರದಿಂದ ತಲಾ ಸುಮಾರು 40 ಕಿಲೋಮೀಟರು ದೂರದಲ್ಲಿವೆ. ಭಾಲ್ಕಿಗೆ ರೈಲುನಿಲ್ದಾಣವುಂಟು, ಔರಾದಕ್ಕೆ ಇಲ್ಲ. 2017ರಲ್ಲಿ ಬೀದರ–ಕಲಬುರಗಿ ರೈಲುಮಾರ್ಗವು ತೆರೆದ ಮೇಲೆ ಜನರ ಓಡಾಟಕ್ಕೆ ಅನುಕೂಲವಾಯಿತು. ಮನೆಯ ಸಾಮಾನಿಗೆ ಮಾತ್ರ ಲಾರಿಯೇ ಗತಿಯಾಗುವುದು ಹೆಚ್ಚು. ವಿದ್ಯಾಭ್ಯಾಸಕ್ಕೆಂದೋ ಉದ್ಯೋಗಕ್ಕೆಂದೋ ಮಕ್ಕಳು ದೂರದ ಊರಿಗೆ ಹೊರಟಾಗ, ಹಿರಿಯರು ಕಷ್ಟಪಟ್ಟು ಕೂಡಿಟ್ಟ ಹಣದಿಂದ ಕೊಂಡ ಗಣಕಯಂತ್ರವೂ ಜೊತೆಗೆ ಹೊರಡುತ್ತದೆ. ಅದು ಕ್ಷೇಮವಾಗಿ ತಲಪುವುದೆ?

ದಾರಿಯ ಉದ್ದವನ್ನು ನೋಡಿ ಭಯಪಡುವುದು ಸಹಜ. ಆದರೆ ಯಂತ್ರಕ್ಕೆ ಅಪಾಯ ಬರುವುದು ಬಹುಮಟ್ಟಿಗೆ ಆ 700 ಕಿಲೋಮೀಟರಿನಿಂದಲ್ಲ. ಔರಾದದ ಒಂದು ಮನೆಯಿಂದ ಹೊರಟ ಪೆಟ್ಟಿಗೆಯ ದಾರಿಯನ್ನು ಎಣಿಸಿ ನೋಡೋಣ. ಮನೆಯಿಂದ ಟೆಂಪೊಗೆ, ಟೆಂಪೊದಿಂದ ಬೀದರದ ಗೋದಾಮಿಗೆ, ಗೋದಾಮಿನಿಂದ ಲಾರಿಗೆ, ಲಾರಿಯಿಂದ ಬೆಂಗಳೂರಿನ ಗೋದಾಮಿಗೆ, ಅಲ್ಲಿಂದ ಇನ್ನೊಂದು ಟೆಂಪೊಗೆ, ಕೊನೆಗೆ ಹೊಸ ಮನೆಯೊಳಕ್ಕೆ. ಹೀಗೆ ಆರು ಸಲ ಅದನ್ನು ಎತ್ತಿ ಇಳಿಸಬೇಕು. ಕೈಜಾರುವ ಸಂದರ್ಭಗಳು ಈ ಆರು. ಒಂದು ಕ್ಷಣದ ಬೀಳುವಿಕೆಯು ಒಂದು ಹಗಲಿನ ಪ್ರಯಾಣಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡಬಲ್ಲದು.

ಪೆಟ್ಟಿನ ಲೆಕ್ಕಾಚಾರ

ಸಾಮಾನು ಎಷ್ಟು ಎತ್ತರದಿಂದ ಬೀಳಬಹುದು? ಕಟ್ಟುಗಳನ್ನು ಪರೀಕ್ಷಿಸಲು ವಿಧಿಗಳನ್ನು ರೂಪಿಸಿರುವ ಅಂತರರಾಷ್ಟ್ರೀಯ ಸುರಕ್ಷಿತ ಸಾಗಣೆ ಸಂಘವು ಇದಕ್ಕೊಂದು ಸ್ವಾರಸ್ಯಕರವಾದ ಉತ್ತರವನ್ನು ಕೊಟ್ಟಿದೆ. ಹಗುರವಾದ ಕಟ್ಟನ್ನು ಜನ ಎದೆಯೆತ್ತರದಲ್ಲಿ ಹೊರುತ್ತಾರೆ, ಎಸೆಯುವುದೂ ಉಂಟು. ಭಾರವಾದುದನ್ನು ನೆಲಕ್ಕೆ ಸಮೀಪವಾಗಿಯೇ ಎತ್ತುತ್ತಾರೆ. ಆದುದರಿಂದ ಆ ಸಂಘದ ಒಂದು ವಿಧಿಯಲ್ಲಿ ಸುಮಾರು ಒಂಬತ್ತೂವರೆ ಕಿಲೋಗ್ರಾಮಿನವರೆಗಿನ ಕಟ್ಟನ್ನು 76 ಸೆಂಟಿಮೀಟರು ಎತ್ತರದಿಂದ ಬೀಳಿಸಿ ನೋಡಿದರೆ, ಅದಕ್ಕೂ ಮೇಲ್ಪಟ್ಟು 18 ಕಿಲೋಗ್ರಾಮಿನವರೆಗಿನದನ್ನು 61 ಸೆಂಟಿಮೀಟರಿನಿಂದ ಬೀಳಿಸುತ್ತಾರೆ. ಒಂದು ಮೂಲೆ, ಮೂರು ಅಂಚು, ಆರು ಮುಖ, ಹೀಗೆ ಒಂದೇ ಕಟ್ಟನ್ನು ಹತ್ತು ಸಲ ಬೀಳಿಸುವುದು ಕ್ರಮ. ನಮ್ಮ ಗಣಕಯಂತ್ರದ ಪೆಟ್ಟಿಗೆಯು ಸಾಮಾನ್ಯವಾಗಿ ಎರಡನೆಯ ವರ್ಗಕ್ಕೆ ಸೇರುತ್ತದೆ.

ಲೆಕ್ಕದ ಅನುಕೂಲಕ್ಕಾಗಿ ಎತ್ತರವನ್ನು 60 ಸೆಂಟಿಮೀಟರು ಎಂದಿಟ್ಟುಕೊಳ್ಳೋಣ. ಅಷ್ಟು ಎತ್ತರದಿಂದ ಬಿದ್ದ ವಸ್ತುವು ನೆಲವನ್ನು ಮುಟ್ಟುವಾಗ ಸೆಕೆಂಡಿಗೆ ಸುಮಾರು 3.4 ಮೀಟರು ವೇಗದಲ್ಲಿರುತ್ತದೆ. ಇದು ಗಂಟೆಗೆ 12 ಕಿಲೋಮೀಟರು ಮಾತ್ರ. ಸೈಕಲ್ಲಿನ ವೇಗಕ್ಕಿಂತ ಹೆಚ್ಚಲ್ಲ. ಹಾಗಾದರೆ ಪೆಟ್ಟು ಏಕೆ ಅಷ್ಟು ಕ್ರೂರವಾಗಿರುತ್ತದೆ? ವೇಗದಿಂದಲ್ಲ, ಆ ವೇಗವು ಎಷ್ಟು ಅಲ್ಪ ದೂರದಲ್ಲಿ ಶೂನ್ಯವಾಗುತ್ತದೆಂಬುದರಿಂದ. ಬಿದ್ದ ಎತ್ತರವನ್ನು ನಿಲ್ಲಲು ಸಿಕ್ಕ ದೂರದಿಂದ ಭಾಗಿಸಿದರೆ, ವೇಗ ಕುಗ್ಗುವ ಸರಾಸರಿ ದರವು ಭೂಮಿಯ ಗುರುತ್ವ ವೇಗೋತ್ಕರ್ಷದ ಎಷ್ಟು ಪಟ್ಟು ಎಂಬುದು ತಿಳಿಯುತ್ತದೆ. ಬರಿಯ ಲೋಹದ ಕವಚವು ಸಿಮೆಂಟಿನ ನೆಲಕ್ಕೆ ಬಿದ್ದು 2 ಮಿಲಿಮೀಟರಿನಷ್ಟು ತಗ್ಗಾಗಿ ನಿಂತಿತೆನ್ನಿ. 600 ಮಿಲಿಮೀಟರನ್ನು 2ರಿಂದ ಭಾಗಿಸಿದರೆ 300 ಪಟ್ಟು! ಅದೇ ಯಂತ್ರವು ಮೆತ್ತೆಯ ಮೇಲೆ ಬಿದ್ದು, ಮೆತ್ತೆಯು 30 ಮಿಲಿಮೀಟರು ಕುಗ್ಗಿ ಅದನ್ನು ನಿಲ್ಲಿಸಿದರೆ ಕೇವಲ 20 ಪಟ್ಟು. ಪೆಟ್ಟಿನ ತುದಿಕ್ಷಣದಲ್ಲಿ ಇದು ಇಮ್ಮಡಿಯಾಗಬಹುದು. ಆದರೂ 40ಕ್ಕೂ 300ಕ್ಕೂ ಇರುವ ಅಂತರವು ಅಲ್ಪವಲ್ಲ.

ಮೆತ್ತೆಯ ಕೆಲಸವೇನೆಂಬುದು ಇದರಿಂದ ಸ್ಪಷ್ಟವಾಯಿತು. ಅದು ಬೀಳುವುದನ್ನು ತಪ್ಪಿಸುವುದಿಲ್ಲ. ಬಿದ್ದ ವಸ್ತುವಿಗೆ ನಿಲ್ಲಲು ದೂರವನ್ನು ಕೊಡುತ್ತದೆ. ಮೆತ್ತೆಯು ತನ್ನ ಪೂರ್ತಿ ದಪ್ಪದಷ್ಟು ಕುಗ್ಗಲಾರದು. 3 ಸೆಂಟಿಮೀಟರು ಕುಗ್ಗಬೇಕಾದರೆ ಸುಮಾರು 6 ಸೆಂಟಿಮೀಟರು ದಪ್ಪವಿರಬೇಕು, ಅದೂ ಯಂತ್ರದ ಆರು ಮುಖಗಳಿಗೂ. ತೀರ ಮೃದುವಾದ ಸ್ಪಂಜು ಯಂತ್ರದ ಭಾರಕ್ಕೇ ಚಪ್ಪಟೆಯಾಗಿಬಿಟ್ಟರೆ, ಬೀಳುವ ಹೊತ್ತಿಗೆ ಕುಗ್ಗಲು ದೂರವೇ ಉಳಿದಿರುವುದಿಲ್ಲ. ತೀರ ಗಟ್ಟಿಯಾದ ಹಲಗೆಯಾದರೋ ಕುಗ್ಗುವುದೇ ಇಲ್ಲ. ಯಂತ್ರವನ್ನು ಇಟ್ಟಾಗ ಸ್ವಲ್ಪವೇ ತಗ್ಗಿ, ಕೈಯಿಂದ ಬಲವಾಗಿ ಒತ್ತಿದಾಗ ಮತ್ತಷ್ಟು ತಗ್ಗಿ, ಬಿಟ್ಟೊಡನೆ ಮೇಲೇಳುವ ಮೆತ್ತೆಯೇ ಸರಿಯಾದುದು. ಕೊಂಡಾಗ ಬಂದಿದ್ದ ಪೆಟ್ಟಿಗೆಯೂ ಅಚ್ಚಿನ ಮೆತ್ತೆಗಳೂ ಉಳಿದಿದ್ದರೆ ಅವಕ್ಕಿಂತ ಉತ್ತಮವಾದುದು ಬೇರಿಲ್ಲ. ಅವುಗಳ ಅಳತೆ ಆ ಯಂತ್ರಕ್ಕೆಂದೇ ಆದದ್ದು. ಅದನ್ನೂ ಇನ್ನೊಂದು ದೊಡ್ಡ ಪೆಟ್ಟಿಗೆಯಲ್ಲಿಟ್ಟು ನಡುವಣ ಜಾಗವನ್ನು ತುಂಬಿದರೆ ಇನ್ನೂ ಕ್ಷೇಮ.

ಕವಚದ ಒಳಗೆ

ಹೊರಗಿನ ಮೆತ್ತೆ ಎಷ್ಟೇ ಚೆನ್ನಾಗಿದ್ದರೂ ಕವಚದ ಒಳಗಿನ ಭಾಗಗಳು ಆ 40 ಪಟ್ಟು ಪೆಟ್ಟನ್ನು ತಿನ್ನಲೇಬೇಕು. ಚಿತ್ರಗಳನ್ನು ಮೂಡಿಸುವ ಗ್ರಾಫಿಕ್ಸ್ ಕಾರ್ಡು ಒಂದೂವರೆ ಕಿಲೋಗ್ರಾಮು ತೂಗುವುದೆಂದುಕೊಳ್ಳಿ. 40 ಪಟ್ಟು ಎಂದರೆ ಆ ಕ್ಷಣದಲ್ಲಿ ಅದು 60 ಕಿಲೋಗ್ರಾಮಿನ ಮೂಟೆಯಂತೆ ತನ್ನ ಆಧಾರವನ್ನು ಜಗ್ಗುತ್ತದೆ. ಆ ಆಧಾರವಾದರೋ ಮದರ್‌ಬೋರ್ಡಿನ ಒಂದು ಪ್ಲಾಸ್ಟಿಕ್ ಸೀಳು, ಒಂದೆರಡು ತಿರುಪು! ಸಂಸ್ಕಾರಕವನ್ನು ತಂಪಾಗಿಡುವ ಗೋಪುರದಾಕಾರದ ಲೋಹದ ಕೂಲರಿನ ಪಾಡೂ ಇದೇ. ಆದುದರಿಂದ ಭಾರವಾದ ಕಾರ್ಡನ್ನೂ ದೊಡ್ಡ ಕೂಲರನ್ನೂ ಬಿಚ್ಚಿ ಬೇರೆಯಾಗಿ ಕಟ್ಟುವುದು ಲೇಸು. ಕೂಲರನ್ನು ಮತ್ತೆ ಕೂರಿಸುವಾಗ ಹಳೆಯ ಉಷ್ಣವಾಹಕ ಲೇಪವನ್ನು ಒರೆಸಿ ಹೊಸದನ್ನು ಹಚ್ಚಬೇಕು. ಯಂತ್ರದ ಜೊತೆಯಲ್ಲಿಯೇ ಬಂದ ಚಿಕ್ಕ ಕೂಲರಾದರೆ ಬಿಚ್ಚಬೇಕಾಗಿಲ್ಲ. ಬಿಚ್ಚುವ ಮುನ್ನ ತಂತಿಗಳ ಜೋಡಣೆಯ ಛಾಯಾಚಿತ್ರಗಳನ್ನು ತೆಗೆದಿಟ್ಟುಕೊಂಡರೆ ಮರುಜೋಡಣೆ ಸುಲಭ.

ಭಾಗಗಳನ್ನು ಮುಟ್ಟುವಾಗ ಸ್ಥಿರವಿದ್ಯುತ್ತನ್ನು ಮರೆಯಬಾರದು. ಬೀದರದ ಬೇಸಿಗೆಯ ಒಣಹವೆಯಲ್ಲಿ ನೈಲಾನು, ಪಾಲಿಯೆಸ್ಟರು ಬಟ್ಟೆಗಳ ತಿಕ್ಕಾಟದಿಂದ ನಮ್ಮ ಮೈಮೇಲೆ ಸಾವಿರಾರು ವೋಲ್ಟುಗಳ ವಿದ್ಯುತ್ತು ಸಂಗ್ರಹವಾಗಬಲ್ಲದು. ಸುಮಾರು 3000 ವೋಲ್ಟಿಗೆ ಕಡಮೆಯಾದ ಕಿಡಿಯು ನಮಗೆ ತಿಳಿಯುವುದೂ ಇಲ್ಲ; ಆದರೆ ಕೆಲವು ಸೂಕ್ಷ್ಮ ಭಾಗಗಳನ್ನು ಕೆಡಿಸಲು 100 ವೋಲ್ಟು ಸಾಕು. ಕವಚದ ಬಣ್ಣವಿಲ್ಲದ ಲೋಹಭಾಗವನ್ನು ಮುಟ್ಟಿ, ಅನಂತರ ಕೆಲಸಕ್ಕೆ ತೊಡಗಬೇಕು. ಬಿಚ್ಚಿದ ಭಾಗಗಳನ್ನು ಥರ್ಮೋಕೋಲಿನಲ್ಲಿ ನೇರವಾಗಿ ಹುದುಗಿಸಕೂಡದು, ಅದು ತಾನೇ ವಿದ್ಯುತ್ತನ್ನು ಕೂಡಿಸಿಕೊಳ್ಳುವ ವಸ್ತು. ಮೊದಲು ಸ್ಥಿರವಿದ್ಯುನ್ನಿರೋಧಕ ಚೀಲ, ಅದರ ಮೇಲೆ ಮೆತ್ತೆ.

ಕಂಪನ

ಲಾರಿಯ ಅಲುಗಾಟವು ಪೆಟ್ಟಿನಷ್ಟು ತೀವ್ರವಲ್ಲ, ಆದರೆ ನಿರಂತರ. ನಿಂತ ಬಸ್ಸಿನ ಇಂಜಿನು ನಿಧಾನವಾಗಿ ತಿರುಗುತ್ತಿರುವಾಗ ಕಿಟಕಿಯ ಗಾಜುಗಳು ಗಡಗಡನೆ ಅದುರುವುದನ್ನೂ, ವೇಗ ಹೆಚ್ಚಿದೊಡನೆ ಸುಮ್ಮನಾಗುವುದನ್ನೂ ಎಲ್ಲರೂ ಕಂಡಿದ್ದೀರಿ. ಪ್ರತಿಯೊಂದು ವಸ್ತುವಿಗೂ ತನ್ನದೇ ಆದ ಸಹಜ ಕಂಪನಾಂಕವಿದೆ. ಹೊರಗಿನ ಕಂಪನವು ಅದಕ್ಕೆ ಹೊಂದಿದಾಗ ಅಲುಗಾಟವು ಬೆಳೆಯುತ್ತ ಹೋಗುತ್ತದೆ. ಇದೇ ಅನುರಣನ. ಗಂಟೆಗಟ್ಟಲೆ ಹೀಗೆ ಅದುರಿದ ತಿರುಪುಗಳು ಸಡಿಲವಾಗುತ್ತವೆ, ಸ್ಮೃತಿಯ ಪಟ್ಟಿಗಳು ತಮ್ಮ ಸೀಳಿನಿಂದ ಮೇಲೇಳುತ್ತವೆ. ಪೆಟ್ಟಿಗೆಯಲ್ಲಿ ಖಾಲಿ ಜಾಗವನ್ನು ಉಳಿಸದಿರುವುದೇ ಪರಿಹಾರ. ಮುಚ್ಚಿದ ಪೆಟ್ಟಿಗೆಯನ್ನು ಮೆಲ್ಲನೆ ಅಲುಗಾಡಿಸಿದರೆ ಒಳಗೆ ಯಾವುದೂ ಸರಿದಾಡಬಾರದು. ತಲಪಿದ ಮೇಲೆ ವಿದ್ಯುತ್ತನ್ನು ಕೊಡುವ ಮೊದಲು ಕವಚವನ್ನು ತೆರೆದು ಜೋಡಣೆಗಳನ್ನೆಲ್ಲ ಒಮ್ಮೆ ಒತ್ತಿ ನೋಡತಕ್ಕದ್ದು.

ಪರದೆಯನ್ನು ಮಲಗಿಸಿ ಸಾಗಿಸಬಾರದು. ಅದರಲ್ಲಿರುವುದು ಬಲು ತೆಳುವಾದ ಗಾಜಿನ ಹಾಳೆಗಳು. ಮಲಗಿದ ಹಾಳೆಯು ಬಾಗುತ್ತದೆ; ಬಾಗಿದ ಗಾಜು ಬಿರಿಯುತ್ತದೆ. ಗಾಜಿನ ವ್ಯಾಪಾರಿಗಳು ಹಾಳೆಗಳನ್ನು ಯಾವಾಗಲೂ ಅಂಚಿನ ಮೇಲೆ ನಿಲ್ಲಿಸಿ ಒಯ್ಯುವುದು ಈ ಕಾರಣಕ್ಕಾಗಿಯೇ. ಯು.ಪಿ.ಎಸ್.ನೊಳಗೆ ಸೀಸದ ಬ್ಯಾಟರಿ ಇರುವುದರಿಂದ ಅದು ಬಹಳ ಭಾರ. ಯಂತ್ರದ ಪೆಟ್ಟಿಗೆಯಲ್ಲಾಗಲಿ ಅದರ ಮೇಲಾಗಲಿ ಅದನ್ನು ಇಡದೆ ಬೇರೆಯಾಗಿಯೇ ಕಳುಹಿಸಬೇಕು.

ತಲಪಿದೊಡನೆ ಗುಂಡಿಯನ್ನು ಒತ್ತುವ ಆತುರವೂ ಬೇಡ. ಔರಾದದ ಮಾಗಿಯ ಚಳಿಯಲ್ಲಿ ಹೊರಟ ಯಂತ್ರವು ಮಂಗಳೂರಿನಂಥ ಕಡಲತೀರದ ಊರನ್ನು ಸೇರಿದಾಗ ಏನಾಗುವುದು? 28 ಡಿಗ್ರಿ ಉಷ್ಣತೆ, ಶೇಕಡಾ 70ರಷ್ಟು ತೇವ ಇರುವ ಗಾಳಿಯಲ್ಲಿ 22 ಡಿಗ್ರಿಗಿಂತ ತಣ್ಣಗಿರುವ ಯಾವ ಲೋಹದ ಮೇಲೂ ಇಬ್ಬನಿ ಕಟ್ಟುತ್ತದೆ. ತೇವವಿದ್ದಾಗ ವಿದ್ಯುತ್ತು ಹರಿದರೆ ಮಂಡಲಗಳು ಕೆಡಬಹುದು. ಪೆಟ್ಟಿಗೆಯನ್ನು ತೆರೆಯದೆ ಕೆಲವು ಗಂಟೆಗಳ ಕಾಲ ಹಾಗೆಯೇ ಬಿಟ್ಟರೆ ಯಂತ್ರವು ಕೋಣೆಯ ಉಷ್ಣತೆಗೆ ಬರುತ್ತದೆ, ಭಯ ದೂರವಾಗುತ್ತದೆ.

ಕೊಳ್ಳಲಾಗದ ಸರಕು

ಇಲ್ಲಿಯವರೆಗೆ ಹೇಳಿದ ಭಾಗಗಳೆಲ್ಲ ಮುರಿದರೆ ನಷ್ಟವಾಗುವುದು ಹಣ. ಹಾರ್ಡ್ ಡಿಸ್ಕಿನ ವಿಷಯ ಹಾಗಲ್ಲ. 1956ರಲ್ಲಿ ಐ.ಬಿ.ಎಂ. ಸಂಸ್ಥೆಯು ಹೊರತಂದ ಮೊತ್ತಮೊದಲ ಡಿಸ್ಕ್ ಸಂಗ್ರಾಹಕವು ಎರಡಡಿ ವ್ಯಾಸದ 50 ತಟ್ಟೆಗಳಿಂದ ಕೂಡಿದ್ದು ಒಂದು ಟನ್ನಿಗೂ ಹೆಚ್ಚು ತೂಗುತ್ತಿತ್ತು. ಅದರಲ್ಲಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳು. ಇಂದು ಅಂಗೈಯಗಲದ ಡಿಸ್ಕಿನಲ್ಲಿ ಅದರ ಲಕ್ಷಾಂತರ ಪಟ್ಟು ಹಿಡಿಯುತ್ತದೆ. ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು ತಿರುಗುತ್ತವೆ. ಓದುವ ತಲೆಯು ಅವುಗಳ ಮೇಲೆ ಕೆಲವೇ ನ್ಯಾನೋಮೀಟರುಗಳ ಅಂತರದಲ್ಲಿ ತೇಲುತ್ತದೆ. ತಲೆಗೂದಲಿನ ದಪ್ಪವು ಇದರ ಹತ್ತುಸಾವಿರ ಪಟ್ಟಿಗೂ ಮಿಗಿಲು. ವಿದ್ಯುತ್ತು ನಿಂತಾಗ ತಲೆಯು ತಟ್ಟೆಯಿಂದ ಪಕ್ಕಕ್ಕೆ ಸರಿದು ವಿಶ್ರಮಿಸುತ್ತದೆ. ಆದ್ದರಿಂದಲೇ ಓಡುತ್ತಿರುವಾಗ ಸುಮಾರು 70 ಪಟ್ಟು ಪೆಟ್ಟನ್ನು ಮಾತ್ರ ಸಹಿಸುವ ಡಿಸ್ಕು, ನಿಂತಿರುವಾಗ 250ರಿಂದ 350 ಪಟ್ಟಿನವರೆಗೆ ಸಹಿಸುತ್ತದೆಂದು ತಯಾರಕರು ಸಾಮಾನ್ಯವಾಗಿ ಹೇಳುತ್ತಾರೆ. ಮೆತ್ತೆಯಿಲ್ಲದ ಬೀಳುವಿಕೆಗೆ ನಮ್ಮ ಲೆಕ್ಕದಲ್ಲಿ ಬಂದುದು 300 ಎಂಬುದನ್ನು ನೆನೆದರೆ ಅಪಾಯದ ಅಂಚು ಎಷ್ಟು ಹತ್ತಿರವೆಂಬುದು ಮನದಟ್ಟಾಗುವುದು. ತಿರುಗುವ ಭಾಗಗಳೇ ಇಲ್ಲದ ಎಸ್.ಎಸ್.ಡಿ.ಯು ಪೆಟ್ಟಿಗೆ ಹೆಚ್ಚು ಗಟ್ಟಿ. ಆದರೆ ಕಳವಿಗೂ ಮಳೆನೀರಿಗೂ ಅದು ಗಟ್ಟಿಯಲ್ಲ.

ಡಿಸ್ಕಿನಲ್ಲಿರುವುದೇನು? ಪದವಿಯ ಕೊನೆಯ ವರ್ಷದ ಪ್ರಬಂಧ, ತಂದೆಯ ಅಂಗಡಿಯ ಲೆಕ್ಕಪತ್ರ, ಈಗ ಇಲ್ಲದ ಅಜ್ಜಿಯ ಛಾಯಾಚಿತ್ರ. ಇವು ಯಾವ ಪೇಟೆಯಲ್ಲಿಯೂ ದೊರೆಯವು. ಸಾಗಣೆಯ ವಿಮೆಯು ಯಂತ್ರದ ಬೆಲೆಯನ್ನು ಕೊಟ್ಟೀತು, ಇವನ್ನು ಕೊಡಲಾರದು.

ಬೀದರದ ಜನರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಮಹಮೂದ್ ಗಾವಾನನು 1472ರಲ್ಲಿ ಕಟ್ಟಿಸಿದ ಮದರಸಾ ಅವರ ಕಣ್ಣೆದುರಿಗಿದೆ. ಅದರ ಗ್ರಂಥಭಂಡಾರದಲ್ಲಿ ಸುಮಾರು 3000 ಹಸ್ತಪ್ರತಿಗಳಿದ್ದುವೆಂದು ಪ್ರತೀತಿ. 1696ರ ಸ್ಫೋಟದಲ್ಲಿ ಕಟ್ಟಡದ ಒಂದು ಭಾಗ ಕುಸಿಯಿತು. ಉಳಿದ ಗೋಡೆಗಳನ್ನೂ ಒಂದು ಮಿನಾರನ್ನೂ ಇಂದಿಗೂ ನೋಡಬಹುದು. ಆ ಹಸ್ತಪ್ರತಿಗಳು ಮಾತ್ರ ಅಲ್ಲಿಲ್ಲ. ಕೈಯಿಂದ ನಕಲು ಮಾಡಬೇಕಾಗಿದ್ದ ಕಾಲದಲ್ಲಿ ಒಂದು ಗ್ರಂಥಕ್ಕೆ ಎರಡನೆಯ ಪ್ರತಿಯೆಂಬುದು ತಿಂಗಳುಗಳ ದುಡಿಮೆ. ನಮಗಾದರೋ ಅದು ಕೆಲವು ಗಂಟೆಗಳ ಕೆಲಸ. ಅಷ್ಟನ್ನೂ ಮಾಡದಿದ್ದರೆ ಯಾರನ್ನು ದೂರೋಣ?

ಕ್ರಮವಿಷ್ಟೆ. ಲಾರಿ ಬರುವ ಮೊದಲೇ ಎಲ್ಲ ಕಡತಗಳ ಎರಡು ಪ್ರತಿಗಳನ್ನು ಮಾಡಬೇಕು. ಒಂದು ಪ್ರತಿಯು ಭಾಲ್ಕಿಯ ಮನೆಯಲ್ಲಿಯೋ ಅಂತರಜಾಲದ ಸಂಗ್ರಹದಲ್ಲಿಯೋ ಉಳಿಯಲಿ. ಇನ್ನೊಂದು ಪ್ರಯಾಣಿಕನ ಕೈಚೀಲದಲ್ಲಿ ಬರಲಿ. ಸಾಧ್ಯವಾದರೆ ಮೂಲ ಡಿಸ್ಕನ್ನೂ ಬಿಚ್ಚಿ ಕೈಯಲ್ಲಿಯೇ ಒಯ್ಯುವುದು ಒಳಿತು. ಆದರೆ ಒಂದೇ ಚೀಲದಲ್ಲಿ ಮೂಲವೂ ಪ್ರತಿಯೂ ಇದ್ದರೆ ಒಂದೇ ಕಳವಿಗೆ ಎರಡೂ ಹೋಗುತ್ತವೆಂಬುದನ್ನು ಮರೆಯಬಾರದು. ಪ್ರತಿಗಳನ್ನು ಬೇರೊಂದು ಯಂತ್ರದಲ್ಲಿ ತೆರೆದು ಓದಿ ನೋಡಬೇಕು. ಹಳೆಯ ನುಡಿ ಅಕ್ಷರಗಳಲ್ಲಿ ಬರೆದ ಕಡತಗಳು ಆ ಅಕ್ಷರರೂಪವಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುವುದರಿಂದ ಅಕ್ಷರರೂಪವನ್ನೂ ಜೊತೆಗೆ ನಕಲು ಮಾಡಿಕೊಳ್ಳುವುದು ಅಗತ್ಯ. ತೆರೆದು ನೋಡದ ಪ್ರತಿಯು ಪ್ರತಿಯೇ ಅಲ್ಲ.

ಮೆತ್ತೆಯು ಯಂತ್ರಕ್ಕೆ ನಿಲ್ಲಲು ಮೂರು ಸೆಂಟಿಮೀಟರು ದೂರವನ್ನು ಕೊಡುತ್ತದೆ. ಪ್ರತಿಯಾದರೋ ನಮ್ಮ ಕೆಲಸವನ್ನು ಪೆಟ್ಟಿಗೆಯಿಂದಲೇ ದೂರವಿಡುತ್ತದೆ. ಮೊದಲನೆಯದು ತಪ್ಪಿದರೆ ಹಣ ಕೊಟ್ಟು ಸರಿಪಡಿಸಬಹುದು. ಆದುದರಿಂದ ಪೆಟ್ಟಿಗೆಗೆ ಕೈಹಾಕುವ ಮುನ್ನ ಎರಡನೆಯದು ಮುಗಿದಿರಲಿ.