ಲಕ್ಷ ಎಲ್ಲಿತ್ತ ನಿಂದು?

ಹೋದ ವರ್ಷ ಪಂಚಮಿ ಎರಡು ದಿನ ಇರುವಾಗ ಒಬ್ಬ ಹೆಣ್ಣುಮಗಳ ಖಣ ಕೆಡಿಸಿದೆ. ಗುಳೇದಗುಡ್ಡದ ಖಣ. ಅವಳ ಅವ್ವ ಉಡಿ ತುಂಬಿ ಕಳಿಸಿದ್ದು. ಖಣವೆಂದರೆ ಒಂದು ಜಂಪರಿಗೆ ಆಗುವಷ್ಟೇ ಅರಿವೆ, ತಪ್ಪಿದರೆ ತೇಪೆಗೂ ಉಳಿಯುವುದಿಲ್ಲ. ಅಳತೆ ತೆಗೆದು ಚಾಕಿನಿಂದ ಗೆರೆ ಹಾಕಿದ್ದೆ. ಕತ್ತರಿ ಎತ್ತುವಷ್ಟರಲ್ಲಿ ಮೊಬೈಲು ಗುಂಯ್ ಎಂದಿತು. ನೋಡಿ ಇಟ್ಟುಬಿಡೋಣ ಅಂದುಕೊಂಡೆ. ಒಂದು ವಿಡಿಯೊ, ಅದರ ಕೆಳಗೊಂದು, ಮತ್ತೊಂದು. ತಿರುಗಿ ಬಂದು ಕತ್ತರಿ ಹಾಯಿಸಿದೆ. ತೋಳಿಗೆ ಬರಬೇಕಾದ ಅಂಚು ಸೀಳಿಹೋಯಿತು.

ಅವಳು ಬೈಯಲಿಲ್ಲ. "ಯಕ್ಕಾ, ಲಕ್ಷ ಎಲ್ಲಿತ್ತ ನಿಂದು?" ಎಂದು ಕೇಳಿದಳು. ಬೇರೆ ಖಣ ತಂದುಕೊಟ್ಟೆ. ಆದರೆ ಅದು ಅವಳ ಅವ್ವನ ಕೈಯಿಂದ ಬಂದದ್ದಲ್ಲ.

ಗಮನಕ್ಕೆ ನಮ್ಮ ಕಡೆ ಲಕ್ಷ ಅನ್ನುತ್ತೇವೆ. ಅಂಕಲಗಿಯಲ್ಲಿ 22 ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದೇನೆ. ನನ್ನ ಅನ್ನವೇ ಲಕ್ಷದ ಮೇಲೆ ನಿಂತಿದೆ. ಅವಳ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕಾಲೇಜಿಗೆ ಹೋಗುವ ಮಗಳನ್ನು ಕೂಡ್ರಿಸಿಕೊಂಡು, ಈ ವಿಷಯದಲ್ಲಿ ತಿಳಿದವರು ಏನು ಬರೆದಿದ್ದಾರೆಂದು ಓದಿಸಿ ಕೇಳಿದೆ.

ಮನುಷ್ಯನ ಗಮನ ಎಂಟೇ ಸೆಕೆಂಡು, ಬಣ್ಣದ ಮೀನಿಗಿಂತ ಕಡಿಮೆ ಎಂಬ ಮಾತು ಎಲ್ಲ ಕಡೆ ಓಡಾಡುತ್ತದೆ. ಅದಕ್ಕೆ ಗಟ್ಟಿ ಆಧಾರವಿಲ್ಲ. ನಿಜವಾಗಿ ಅಳೆದು ನೋಡಿದವರಲ್ಲಿ ಒಬ್ಬರು ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್. ಕಂಪ್ಯೂಟರ್ ಮುಂದೆ ಕೆಲಸ ಮಾಡುವವರು ಒಂದೇ ಪರದೆಯ ಮೇಲೆ ಎಷ್ಟು ಹೊತ್ತು ನಿಲ್ಲುತ್ತಾರೆಂದು ಅವರು ವರ್ಷಗಟ್ಟಲೆ ಲೆಕ್ಕ ಇಟ್ಟರು. 2004ರಲ್ಲಿ ಸರಾಸರಿ ಎರಡೂವರೆ ನಿಮಿಷ ಇತ್ತು. 2012ರ ಹೊತ್ತಿಗೆ 75 ಸೆಕೆಂಡಿಗೆ ಬಂತು. ಆಮೇಲಿನ ವರ್ಷಗಳಲ್ಲಿ ಸುಮಾರು 47 ಸೆಕೆಂಡಿಗೆ ಇಳಿಯಿತು. ಇದು ಮಿದುಳಿನ ಶಕ್ತಿ ಕುಂದಿದ ಲೆಕ್ಕವಲ್ಲ. ನಾವು ಎಷ್ಟು ಬೇಗ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹಾರುತ್ತೇವೆ ಎಂಬುದರ ಲೆಕ್ಕ.

ಹಾರಿದ್ದಕ್ಕೆ ದಂಡವೂ ಉಂಟು. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಕೈ ಹಾಕಿದರೆ, ಮನಸ್ಸಿನ ಒಂದು ಪಾಲು ಹಿಂದಿನದರಲ್ಲೇ ಉಳಿಯುತ್ತದೆ ಎಂದು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದರು. ಇದನ್ನು ಕೇಳಿದಾಗ ನನ್ನ ಕತ್ತರಿ ನೆನಪಾಯಿತು. ಕೈ ಖಣದ ಮೇಲಿತ್ತು, ಮನಸ್ಸು ಇನ್ನೂ ಮೂರನೆಯ ವಿಡಿಯೊದಲ್ಲಿತ್ತು.

ಆ ವಿಡಿಯೊಗಳು ನಮ್ಮ ಕೈಗೆ ಬಂದದ್ದು ನಿನ್ನೆ ಮೊನ್ನೆ. 2020ರ ಜೂನ್ ಕೊನೆಗೆ ಭಾರತ ಟಿಕ್‌ಟಾಕ್ ನಿಷೇಧಿಸಿತು. ಜುಲೈನಲ್ಲಿ ಇನ್‌ಸ್ಟಾಗ್ರಾಂ ಇಲ್ಲಿ ರೀಲ್ಸ್ ಬಿಟ್ಟಿತು. ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ತನ್ನ ಶಾರ್ಟ್ಸ್ ಅನ್ನು ಮೊದಲು ನಮ್ಮ ದೇಶದಲ್ಲೇ ಪರೀಕ್ಷೆಗೆ ಇಳಿಸಿತು. ಕೊರೊನಾ ಕಾಲ, ಶಾಲೆ ಬಂದ್, ಪಾಠಕ್ಕೆಂದು ಮಕ್ಕಳ ಕೈಗೆ ಮೊಬೈಲು ನಾವೇ ಕೊಟ್ಟಿದ್ದೆವು. ಬಾವಿಯ ನೀರಿಗೂ ತಳ ಇರುತ್ತದೆ, ಈ ಪರದೆಗೆ ಇಲ್ಲ. ಬೆರಳು ಸರಿಸಿದಷ್ಟೂ ಬರುತ್ತದೆ. ಮುಂದಿನದು ಇದಕ್ಕಿಂತ ಚೆಂದ ಇದ್ದೀತು ಎಂಬ ಆಸೆ ಬೆರಳನ್ನು ನಿಲ್ಲಗೊಡುವುದಿಲ್ಲ.

ನಮ್ಮ ಮಂದಿಗೆ ಲಕ್ಷ ಕಡಿಮೆ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಶ್ರೀಕೃಷ್ಣ ಪಾರಿಜಾತದ ಸೀಮೆ ಇದು. ಕುಲಗೋಡ ತಮ್ಮಣ್ಣನವರು ರಂಗಕ್ಕೆ ತಂದ, ಕೌಜಲಗಿ ನಿಂಗಮ್ಮನವರು ಮನೆಮಾತಾಗಿಸಿದ ಆಟ. ಒಂದು ಹೂವಿಗಾಗಿ ಸತ್ಯಭಾಮೆ ಮುನಿಸಿಕೊಂಡ ಕತೆಯನ್ನು ಮಂದಿ ಬೆಳತನಕ ನೋಡುತ್ತಿದ್ದರು. ನಾನೂ ಅವ್ವನ ತೊಡೆಯ ಹತ್ತಿರ ಕೌದಿ ಹೊದ್ದು ಕುಳಿತವಳೇ. ಆಗ ಯಾರೂ ಕಣ್ಣು ಮಿಟುಕಿಸದೆ ಕುಳಿತಿರಲಿಲ್ಲ. ಶೇಂಗಾ ತಿನ್ನುತ್ತಿದ್ದರು, ಮಾತಾಡುತ್ತಿದ್ದರು, ತೂಕಡಿಸುತ್ತಿದ್ದರು. ಎಚ್ಚರಾದಾಗ ಸತ್ಯಭಾಮೆ ಇನ್ನೂ ಅಲ್ಲೇ ಇರುತ್ತಿದ್ದಳು. ಮನಸ್ಸು ಎಲ್ಲಿ ಹೋದರೂ ತಿರುಗಿ ಬರಲು ಒಂದು ಕತೆ ಇತ್ತು, ಸುತ್ತ ಅದನ್ನೇ ನೋಡುವ ನೂರು ಮಂದಿ ಇದ್ದರು. ಮೊಬೈಲಿನಲ್ಲಿ ಒಮ್ಮೆ ಮನಸ್ಸು ಜಾರಿದರೆ, ಬಿಟ್ಟುಬಂದದ್ದು ಅಲ್ಲಿ ಕಾಯುತ್ತಾ ಇರುವುದಿಲ್ಲ.

ಹಾಗಾಗಿ ಲಕ್ಷ ಒಬ್ಬೊಬ್ಬರ ಹಟದಿಂದ ಉಳಿಯುತ್ತದೆ ಎಂದು ನನಗೆ ಅನಿಸುವುದಿಲ್ಲ. ಮಗಳಿಗೆ "ಮೊಬೈಲು ಬಿಡು" ಎಂದು ಒದರಿ ನಾನು ನೋಡುತ್ತಾ ಕುಳಿತರೆ ಅವಳೇಕೆ ಬಿಟ್ಟಾಳು? ಸಾಂಗಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವದವರು ಇದನ್ನು 2022ರಲ್ಲೇ ಅರಿತರು. ಸಂಜೆ 7ಕ್ಕೆ ಊರಿನಲ್ಲಿ ಸೈರನ್ ಆದರೆ ಒಂದೂವರೆ ತಾಸು ಟಿವಿ, ಮೊಬೈಲು ಬಂದ್. 2025ರ ಡಿಸೆಂಬರಿನಲ್ಲಿ ನಮ್ಮ ಜಿಲ್ಲೆಯದೇ ಆದ, ಬೆಳಗಾವಿಯ ಸುವರ್ಣಸೌಧದ ಹತ್ತಿರದ ಹಲಗಾ ಊರಿನಲ್ಲೂ ಸೈರನ್ ಸುರುವಾಯಿತು. ಅಲ್ಲಿ 7ರಿಂದ 9ರ ತನಕ, ಮಕ್ಕಳ ಓದಿಗಾಗಿ. ಊರಿಗೆ ಊರೇ ಮೊಬೈಲು ಕೆಳಗಿಟ್ಟಾಗ ನಾವೂ ಇಡುವುದು ಹಗುರ, ಯಾಕೆಂದರೆ ಆ ಹೊತ್ತಿನಲ್ಲಿ ಯಾರೂ ಏನನ್ನೂ ಕಳೆದುಕೊಳ್ಳುವುದಿಲ್ಲ. ಇದಕ್ಕೂ ಮೀರಿ ಚಟವಾಗಿ ಹೋದವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಪ್ರತ್ಯೇಕ ಕ್ಲಿನಿಕ್ಕೇ ಇದೆ.

ನಮ್ಮ ಊರಲ್ಲಿ ಸೈರನ್ ಇಲ್ಲ. ನನ್ನ ಅಂಗಡಿಯಲ್ಲಿ ಒಂದು ಹಳೆಯ ಟ್ರಂಕು ಇದೆ. ಹೊಲಿಗೆ ಕಲಿಯಲು ಮೂವರು ಹುಡುಗಿಯರು ಬರುತ್ತಾರೆ. ಗೆರೆ ಹಾಕುವ ಮೊದಲು ನಾಲ್ವರ ಮೊಬೈಲೂ ಅದರೊಳಗೆ. ಕತ್ತರಿ ಕೆಳಗಿಡುವ ತನಕ ಯಾರೂ ಮುಚ್ಚಳ ತೆಗೆಯುವಂತಿಲ್ಲ. ಮೊದಲ ವಾರ ಎಲ್ಲರ ಕಣ್ಣೂ ಟ್ರಂಕಿನ ಮೇಲೆಯೇ ಇತ್ತು, ನನ್ನದೂ. ಈಗ ಅರ್ಧ ತಾಸು ಕಳೆದದ್ದು ಗೊತ್ತಾಗುವುದಿಲ್ಲ.

ಈ ಯುಗಾದಿಗೆ ಅದೇ ಹೆಣ್ಣುಮಗಳು ಇನ್ನೊಂದು ಖಣ ತಂದಳು. ಕತ್ತರಿಸುವ ತನಕ ಇಲ್ಲೇ ಕೂಡುತ್ತೇನೆ ಅಂದಳು. ನಾನು ಟ್ರಂಕು ತೆರೆದು ಮೊಬೈಲು ಇಟ್ಟೆ. ಅವಳು ಒಂದು ಗಳಿಗೆ ನೋಡಿದಳು. ಆಮೇಲೆ ತನ್ನದನ್ನೂ ತೆಗೆದು ನನ್ನ ಕೈಗೆ ಕೊಟ್ಟಳು.