ಚಳಿಗಾಲದ ತಿರುಗಾಟ: ಫೋಟೋ ತೆಗೆಯುವವರಿಗೆ ಕೆಲವು ಮಾತು



ಧನು ತಿಂಗಳ ಮಂಜು ಬೀಳತೊಡಗಿದೆ. ಚೆರ್ಕಳದಿಂದ ಎಡನೀರು, ನೆಕ್ರಾಜೆಗಾಗಿ ಬದಿಯಡ್ಕದತ್ತ ಬೆಳಗ್ಗೆ ಕಾರಿನಲ್ಲಿ ಹೊರಟರೆ ಹಕ್ಕಿ, ತೋಟ, ಗುಡ್ಡ, ಕೊಟ್ಟಿಗೆಯ ಬದಿಯಲ್ಲಿ ನಿಂತ ಹಳೆಯ ಜೀಪು ಎಲ್ಲವೂ ಸಿಗುತ್ತವೆ. ಈ ಬಾರಿ ತಿರುಗಾಟಕ್ಕೆ ಕ್ಯಾಮರಾ ತರುವವರು ಹೆಚ್ಚಿರುವುದರಿಂದ ಇಷ್ಟು ಬರೆಯುತ್ತಿದ್ದೇನೆ.

ಮೊದಲು ಬೆಳಕು. ಡಿಸೆಂಬರ್ ಕೊನೆಗೆ ನಮ್ಮಲ್ಲಿ ಸೂರ್ಯ ಏಳುವಾಗ 6.45 ಕಳೆದಿರುತ್ತದೆ. ಅಲ್ಲಿಂದ ಒಂಬತ್ತರ ತನಕದ ಓರೆ ಬಿಸಿಲು ಮೆದುವಾಗಿರುತ್ತದೆ. ಅಡಿಕೆ ಮರಗಳ ನಡುವಿನ ಮಂಜು ಚಿತ್ರಕ್ಕೆ ಒದಗುವುದು ಆಗಲೇ. ಆದರೆ ಬಿಳಿ ಮಂಜನ್ನು ಕಂಡ ಕ್ಯಾಮರಾ, ಬೆಳಕು ಹೆಚ್ಚಾಯಿತೆಂದು ತಿಳಿದು ಚಿತ್ರವನ್ನು ಬೂದಿಯ ಬಣ್ಣಕ್ಕೆ ತರುತ್ತದೆ. ಆಗ ಎಕ್ಸ್‌ಪೋಶರನ್ನು ಒಂದು ಹಂತ ಏರಿಸಿ. ಕತ್ತಲು ತೋಟದ ಎದುರು ಬೆಳ್ಳಕ್ಕಿ ನಿಂತಿದ್ದರೆ ಇಳಿಸಬೇಕು, ಇಲ್ಲವಾದರೆ ಗರಿಗೆ ಸುಣ್ಣ ಬಳಿದಂತಿರುತ್ತದೆ. ಕಾರಿನ ಎ.ಸಿ. ಹಾಕಬೇಡಿ. ತಣ್ಣಗಾದ ಲೆನ್ಸನ್ನು ಹೊರಗಿನ ತೇವದ ಗಾಳಿಗೆ ತಂದೊಡನೆ ಅದು ಬೆವರುತ್ತದೆ, ಒರೆಸುವಷ್ಟರಲ್ಲಿ ಹಕ್ಕಿ ಹೋಗಿರುತ್ತದೆ.

ಹಕ್ಕಿಗಳು ಮನುಷ್ಯನಿಗೆ ಹೆದರಿದಷ್ಟು ನಿಂತ ಕಾರಿಗೆ ಹೆದರುವುದಿಲ್ಲ. ಎಂಜಿನ್ ನಿಲ್ಲಿಸಿ ಒಳಗೇ ಕುಳಿತಿರಿ. ಬಟ್ಟೆ ಚೀಲದಲ್ಲಿ ಅರ್ಧ ಅಕ್ಕಿ ತುಂಬಿ ಕಿಟಕಿಯ ಮೇಲಿಟ್ಟರೆ ಕ್ಯಾಮರಾ ಅಲುಗಾಡದು. ದುಬಾರಿ ಸ್ಟ್ಯಾಂಡ್ ಬೇಡ. ಕುಳಿತ ಹಕ್ಕಿಗೆ ಸೆಕೆಂಡಿನ 250ನೆಯ ಒಂದು ಭಾಗದ ಶಟರ್ ವೇಗ ಹೆಚ್ಚಾಗಿ ಸಾಕಾಗುತ್ತದೆ, ಹಾರುವುದಕ್ಕೆ 1000ನೆಯ ಒಂದು ಭಾಗವಾದರೂ ಬೇಕು. ಚಳಿಗಾಲದಲ್ಲಿ ಉತ್ತರದಿಂದ ಬರುವ ನವರಂಗವು ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ ಕೂಗುತ್ತದೆ. ತಮಿಳರು ಅದಕ್ಕೆ 'ಆರು ಗಂಟೆಯ ಹಕ್ಕಿ' ಎಂಬ ಅರ್ಥದ ಹೆಸರಿಟ್ಟಿದ್ದಾರೆ. ಅಡಿಕೆ ತೋಟದ ನೆರಳಲ್ಲಿ ಕಾಡು ಸಿಪಿಲೆಯನ್ನು ಹುಡುಕಿ. ಉಳಿದ ಸಿಪಿಲೆಗಳು ಬಾಲವನ್ನು ಮೇಲೆ ಕೆಳಗೆ ಆಡಿಸಿದರೆ ಇದು ಆಚೀಚೆ ತೂಗುತ್ತದೆ. ಅದು ಮರಿ ಮಾಡುವುದು ಪೂರ್ವ ಏಷ್ಯಾದಲ್ಲಿ. ಅಷ್ಟು ದೂರದಿಂದ ನಮ್ಮ ತೋಟಕ್ಕೆ ಬರುತ್ತದೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಸುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಬೇಡ. ಗೂಡಿನ ಹತ್ತಿರವೂ ಹೋಗಬೇಡಿ.

ದೃಶ್ಯ ಎಂದರೆ ಎಲ್ಲರೂ ತೋಟ, ಹೊಳೆಗಳ ಕಡೆ ತಿರುಗುತ್ತಾರೆ. ನಾನು ಹೇಳುವುದು ಪದವುಗಳ ಬಗ್ಗೆ. ಮಳೆಗಾಲದಲ್ಲಿ ಹೂವಾಗಿದ್ದ ಮುರಕಲ್ಲಿನ ಬಯಲು ಈಗ ಒಣಹುಲ್ಲಿನಿಂದ ಚಿನ್ನದ ಬಣ್ಣಕ್ಕೆ ತಿರುಗಿರುತ್ತದೆ. ಬರಡು ಎಂದು ಕಾಣುವ ಇಂಥ ಜಾಗವೇ ಹಳದಿ ಟಿಟ್ಟಿಭಕ್ಕೆ ಮನೆ. ಕಲ್ಲು ಕಡಿದು ಗುಂಡಿಯಾದ ಪದವುಗಳನ್ನು ನೀವೆಲ್ಲ ನೋಡಿದ್ದೀರಿ. ಉಳಿದವುಗಳ ಚಿತ್ರವನ್ನು ಪ್ರತಿ ವರ್ಷ ಒಂದೇ ಜಾಗದಲ್ಲಿ ನಿಂತು ತೆಗೆದಿಟ್ಟರೆ ಏನು ಬದಲಾಯಿತೆಂದು ತಿಳಿಯುತ್ತದೆ.

ಹಳೆಯ ವಾಹನಗಳದ್ದೂ ಅದೇ ಕಥೆ. ಧರ್ಮಸ್ಥಳದ ಸಂಗ್ರಹಾಲಯದಲ್ಲಿ ಹೊಳೆಯುವ ಹಳೆಯ ಕಾರುಗಳಿವೆ, ನಮ್ಮಲ್ಲಿರುವುದು ದುಡಿದು ಸವೆದವು. 1958ರಿಂದ 2014ರ ತನಕ ತಯಾರಾದ ಅಂಬಾಸಿಡರ್, ಮೈಸೂರಿನ ಕಾರ್ಖಾನೆಯ ಜಾವಾ, ಯೆಜ್ಡಿ, ಗುಡ್ಡ ಹತ್ತಿದ ಜೀಪು. ಒಂದೊಂದಾಗಿ ಗುಜರಿಗೆ ಹೋಗುತ್ತಿವೆ. ಮಾಲೀಕರನ್ನು ಕೇಳಿಯೇ ಅಂಗಳಕ್ಕೆ ಇಳಿಯಿರಿ. ಬಂಪರಿನ ಎತ್ತರಕ್ಕೆ ಕುಳಿತು ತೆಗೆಯಿರಿ, ನೆರಳಿನಲ್ಲಿ ತೆಗೆದರೆ ಕ್ರೋಮಿನ ಮೇಲೆ ಬಿಸಿಲು ಚುಚ್ಚದು. ವಾಹನ ಯಾವ ವರ್ಷದ್ದು, ಯಾವ ದಾರಿಯಲ್ಲಿ ಓಡುತ್ತಿತ್ತು, ಯಾರ ಮದುವೆ ದಿಬ್ಬಣಕ್ಕೆ ಹೋಗಿತ್ತು ಎಂದು ವಿಚಾರಿಸಿ. ಹಿರಿಯರು ಖುಷಿಯಿಂದ ಹೇಳುತ್ತಾರೆ, ಚಹಾ ಕೂಡ ಸಿಗಬಹುದು.

ಈಗ ಮುಖ್ಯ ವಿಷಯ. ಕಚೇರಿಯಲ್ಲಿ ತಾರೀಕಿಲ್ಲದ ಕಾಗದಕ್ಕೆ ಬೆಲೆಯಿರಲಿಲ್ಲ, ಫೋಟೋಕ್ಕೂ ಹಾಗೆಯೇ. 2015ರಿಂದ 2020ರ ವರೆಗೆ ಸ್ವಯಂಸೇವಕರೇ ಸುತ್ತಾಡಿ ಕೇರಳದ ಹಕ್ಕಿಗಳ ಅಟ್ಲಾಸ್‌ಗೆ ಮಾಹಿತಿ ಕೂಡಿಸಿದರು. ಎಲ್ಲಿ, ಯಾವಾಗ ಕಂಡದ್ದು ಎಂಬ ಲೆಕ್ಕದ ಮೇಲೆಯೇ ಅದು ನಿಂತಿದೆ. 2023ರಲ್ಲಿ ಬಿಳಿ ಹೊಟ್ಟೆಯ ಸಮುದ್ರ ಗಿಡುಗ ನಮ್ಮ ಜಿಲ್ಲೆಯ ಹಕ್ಕಿಯಾಯಿತು. ಅದಕ್ಕೆ ನಿಮ್ಮ ಮನೆಯಲ್ಲಿ ಕನ್ನಡದಲ್ಲೋ ತುಳುವಿನಲ್ಲೋ ಏನೆನ್ನುತ್ತಾರೆ? ಅಂಥ ಹೆಸರುಗಳೂ ಚಿತ್ರದ ಜೊತೆ ಇರಲಿ.

ಚಿತ್ರ ಕಳುಹಿಸುವಾಗ ತಾರೀಕು, ಊರಿನ ಹೆಸರು, ಮನೆಮಾತಿನ ಹೆಸರು ಇಷ್ಟನ್ನು ಕನ್ನಡದಲ್ಲೇ ಬರೆಯಿರಿ. ಒಬ್ಬರಿಂದ ಐದು ಚಿತ್ರ ಸಾಕು. ಗೂಡು ಇರುವ ಜಾಗವನ್ನು ಮಾತ್ರ ಬರೆಯಬೇಡಿ.